ಶರ್ಟಿನ ಮೇಲಿನ 40 ಮತ್ತು ಸರಾಸರಿ ಮನುಷ್ಯನನ್ನು ಹುಡುಕಿದ ಕೆತ್ಲೆ

ಮಲವಗೊಪ್ಪದಿಂದ ಭದ್ರಾವತಿ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ. ಅಲ್ಲಿನ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆಗೆ ಎಸ್, ಎಂ, ಎಲ್ ಎಂಬ ಲೇಬಲ್ ಬೀಳುತ್ತದೆ. ಇಂಥದ್ದೇ ಲೇಬಲ್ ಅಂಗಡಿಯ ಟ್ರಯಲ್ ರೂಮಿನಲ್ಲಿ ನಮ್ಮ ಮುಖ ಬಾಡಿಸುತ್ತದೆ. ಎಂ ಸೈಜ್ ಹಿಡಿಸಲಿಲ್ಲವೆಂದರೆ ದಪ್ಪಗಾದೆವು, ರಾತ್ರಿ ಊಟ ಬಿಡಬೇಕು ಅಂದುಕೊಳ್ಳುತ್ತೇವೆ. ಬಟ್ಟೆಯ ಅಳತೆಗೆ ದೇಹವೇ ಹೊಂದಬೇಕು ಎಂಬ ಈ ನಂಬಿಕೆಯ ಬೆನ್ನು ಹತ್ತಿದರೆ ಬೆಲ್ಜಿಯಂನ ಒಬ್ಬ ಖಗೋಳ ವಿಜ್ಞಾನಿ ಸಿಗುತ್ತಾರೆ. ಅವರೇ ಅಡಾಲ್ಫ್ ಕೆತ್ಲೆ.

ಕೆತ್ಲೆ ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಗೆಂಟ್ ಪಟ್ಟಣದಲ್ಲಿ. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಹದಿಹರೆಯದಲ್ಲೇ ಗಣಿತದ ಮೇಷ್ಟ್ರಾದರು, 1819ರಲ್ಲಿ ಡಾಕ್ಟರೇಟ್ ಪಡೆದರು. ಬ್ರಸೆಲ್ಸ್‌ನಲ್ಲಿ ಒಂದು ಖಗೋಳ ವೀಕ್ಷಣಾಲಯ ಆಗಬೇಕೆಂದು ಹಟ ಹಿಡಿದು, ಅದರ ಕೆಲಸ ಕಲಿಯಲು 1823ರಲ್ಲಿ ಪ್ಯಾರಿಸ್‌ಗೆ ಹೋದರು. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತವೆ, ಸರಾಸರಿ ತೆಗೆದರೆ ನಿಜಕ್ಕೆ ಹತ್ತಿರವಾಗುತ್ತದೆ. ಈ ಲೆಕ್ಕವನ್ನು ಕೆತ್ಲೆ ಮನುಷ್ಯರಿಗೂ ಹಾಕಿದರು. 1835ರ ಅವರ ಪುಸ್ತಕದಲ್ಲಿ ‘ಸರಾಸರಿ ಮನುಷ್ಯ’ ಎಂಬ ಕಲ್ಪನೆ ಹೊರಬಂತು.

ಬಟ್ಟೆಯ ಸಂಗತಿ ಬರುವುದು 1846ರ ಪುಸ್ತಕದಲ್ಲಿ. ಸ್ಕಾಟ್ಲೆಂಡಿನ ಸೈನಿಕರ ಎದೆಯ ಸುತ್ತಳತೆಯ ಪಟ್ಟಿಯೊಂದು 1817ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅಳತೆ ಒದಗಿಸಿದವನು ವೈದ್ಯನಲ್ಲ, ಸೈನ್ಯಕ್ಕೆ ಸಾಮಾನು ಪೂರೈಸುವ ಗುತ್ತಿಗೆದಾರ! ಕೆತ್ಲೆ ಆ ಪಟ್ಟಿಯನ್ನು ಜೋಡಿಸಿ ನೋಡಿದರು. 33 ಇಂಚಿನ ಎದೆಯವರು, 48 ಇಂಚಿನವರು ಬೆರಳೆಣಿಕೆ; ಹೆಚ್ಚಿನವರು ನಡುವೆ, ಸರಾಸರಿ 40ಕ್ಕೆ ತುಸು ಕಡಿಮೆ. ಅಂದಹಾಗೆ, ನಕಲು ಮಾಡುವಾಗ ಕೆತ್ಲೆ ತಪ್ಪಿದರು. 5,732 ಮಂದಿ ಅವರ ಪಟ್ಟಿಯಲ್ಲಿ 5,738 ಆದರು. ನೋಡದೆ ಫಾರ್ವರ್ಡ್ ಮಾಡುವ ನಮಗೆ ಇದು ಸಮಾಧಾನದ ಸುದ್ದಿ.

ದೊಡ್ಡ ತಪ್ಪು ಬೇರೆಯೇ ಇತ್ತು. ಸರಾಸರಿಯೇ ಪ್ರಕೃತಿಯ ಗುರಿ, ಅದಕ್ಕಿಂತ ಹೆಚ್ಚು ಕಡಿಮೆ ಇರುವುದು ಗುರಿ ತಪ್ಪಿದ ಬಾಣದಂತೆ ಎಂದು ಅವರು ನಂಬಿದ್ದರು. ನಕ್ಷತ್ರಕ್ಕೆ ನಿಜವಾದ ಸ್ಥಾನ ಒಂದೇ. ಎದೆಗೆ ಹಾಗೊಂದು ‘ನಿಜವಾದ’ ಅಳತೆ ಎಲ್ಲಿದೆ?

1855ರಲ್ಲಿ ಪಾರ್ಶ್ವವಾಯು ಬಡಿದು ಕೆತ್ಲೆಯವರ ನೆನಪಿನ ಶಕ್ತಿ ಕುಂದಿತು. ಆದರೂ ಕೆಲಸ ಬಿಡಲಿಲ್ಲ. 1874ರ ಫೆಬ್ರವರಿ 17ರಂದು ತೀರಿಕೊಂಡರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಅವರ ಸೂತ್ರಕ್ಕೆ 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಬಿಎಂಐ ಎಂದು ಹೆಸರಿಟ್ಟರು. ಕೆತ್ಲೆ ಅದನ್ನು ಬರೆದದ್ದು ಜನಸಮೂಹವನ್ನು ತಿಳಿಯಲು, ಒಬ್ಬೊಬ್ಬರ ಆರೋಗ್ಯ ಪರೀಕ್ಷಿಸಲು ಅಲ್ಲ.

ಸರಾಸರಿ ಮನುಷ್ಯನನ್ನು ನಿಜವಾಗಿ ಹುಡುಕಿದ್ದು ಅಮೆರಿಕದ ವಾಯುಪಡೆ. 1950ರ ಸುಮಾರಿಗೆ ಗಿಲ್ಬರ್ಟ್ ಡೇನಿಯಲ್ಸ್ 4,063 ಪೈಲಟ್‌ಗಳ ಹತ್ತು ಅಳತೆಗಳನ್ನು ಪರಿಶೀಲಿಸಿದರು. ಹತ್ತರಲ್ಲೂ ಸರಾಸರಿಗೆ ಹೊಂದಿದವರು ಒಬ್ಬರೂ ಸಿಗಲಿಲ್ಲ. ಎದೆ ಸರಿಯಿದ್ದರೆ ತೋಳು ಉದ್ದ, ತೋಳು ಸರಿಯಿದ್ದರೆ ಸೊಂಟ ಬೇರೆ. ರೆಡಿಮೇಡ್ ಶರ್ಟು ಭುಜಕ್ಕೆ ಕೂತು ಹೊಟ್ಟೆಗೆ ಬಿಗಿಯಾಗುವುದೂ ಇದರಿಂದಲೇ. ನಮ್ಮ ಮೈಕಟ್ಟಿಗೆ ಹೊಂದುವ ಪಟ್ಟಿ ಬೇಕೆಂದೇ ನಿಫ್ಟ್ ಸಂಸ್ಥೆಯು ‘ಇಂಡಿಯಾಸೈಜ್’ ಹೆಸರಿನಲ್ಲಿ ಆರು ನಗರಗಳಲ್ಲಿ 25,000 ಜನರ ಅಳತೆ ತೆಗೆಯುವ ಸಮೀಕ್ಷೆ ಹಮ್ಮಿಕೊಂಡಿತು.

ಇನ್ನು 40ರ ಗೊಂದಲ. ಫಾರ್ಮಲ್ ಶರ್ಟಿನ 40 ಎಂದರೆ ಸಾಮಾನ್ಯವಾಗಿ ಕಾಲರಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. ಕುರ್ತಿ, ಟೀ ಶರ್ಟಿನಲ್ಲಿ ಅದೇ 40 ಎದೆಯ ಸುತ್ತಳತೆ, ಇಂಚಿನಲ್ಲಿ. ಕೆಲವು ಕಂಪನಿಗಳು ಮೈಯ ಅಳತೆ ಬರೆಯುತ್ತವೆ, ಕೆಲವು ಬಟ್ಟೆಯ ಅಳತೆ. ಆನ್‌ಲೈನಿನಲ್ಲಿ ಕೊಳ್ಳುವಾಗ ನಾವು ಮಾಡುವುದು ಇಷ್ಟೇ: ಮೈಗೆ ಚೆನ್ನಾಗಿ ಕೂರುವ ಹಳೆಯ ಶರ್ಟನ್ನು ಮಂಚದ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪು ಹಿಡಿದು, ಬಂದದ್ದನ್ನು ಎರಡರಿಂದ ಗುಣಿಸಿ, ಸೈಜ್ ಚಾರ್ಟಿನಲ್ಲಿ ಬಟ್ಟೆಯ ಅಳತೆ ಎಂದಿರುವ ಸಾಲಿಗೆ ಹೋಲಿಸುತ್ತೇವೆ. ಭುಜವನ್ನೂ ಹಾಗೇ ಅಳೆಯಿರಿ. ಹೊಟ್ಟೆಯ ಬಿಗಿ ಟೈಲರ್ ಸರಿಮಾಡಬಲ್ಲರು, ಭುಜ ಕಷ್ಟ.