ಆರು ಸಾವಿರ ಚಿತ್ರ ತೊಳೆಸಿದ ಕ್ಯಾಪ್ಟನ್

ನಮ್ಮೂರು ಕೊಡೇಕಲ್. ಪಕ್ಕದಲ್ಲೇ ನಾರಾಯಣಪುರದ ಬಸವಸಾಗರ ಜಲಾಶಯ ಇದ್ದರೂ ಬೇಸಿಗೆ ಬಂತೆಂದರೆ ಮನೆಯಲ್ಲಿ ಕೊಡ ಎಣಿಸಿಯೇ ನೀರು ಖರ್ಚು ಮಾಡೋದು. ಕಳೆದ ರಜೆಯಲ್ಲಿ ಅದೇ ಮನೆಯ ಬಚ್ಚಲಲ್ಲಿ 20×24 ಇಂಚಿನ ಕಪ್ಪು-ಬಿಳುಪು ಫೋಟೋ ತೊಳೆಯೋಕೆ ಒಂದು ತೊಟ್ಟಿ ಮಾಡಲು ಹೊರಟೆ. ಆ ತೊಟ್ಟಿಯ ವಿನ್ಯಾಸ ಹುಡುಕುತ್ತಾ ಹೋದಾಗ ಸಿಕ್ಕ ಮನುಷ್ಯನ ಕಥೆ ಇದು.

ಮೊದಲು ಎರಡು ಮಾತು ಕೆಮಿಸ್ಟ್ರಿ. ಡಾರ್ಕ್‌ರೂಮಿನಲ್ಲಿ ಚಿತ್ರ ಮೂಡಿದ ಮೇಲೆ ಅದು ನಿಲ್ಲಬೇಕಾದರೆ ಕಾಗದವನ್ನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಅದ್ದಬೇಕು. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಅದು ಕರಗಿಸಿ ತೆಗೆಯುತ್ತದೆ. ಆದರೆ ಕೆಲಸ ಮುಗಿದ ಮೇಲೆ ಹೈಪೋ ಕೂಡ ಕಾಗದ ಬಿಟ್ಟು ಹೋಗಬೇಕು. ಉಳಿದರೆ ಅದರೊಳಗಿನ ಗಂಧಕ ನಿಧಾನವಾಗಿ ಬೆಳ್ಳಿಯನ್ನು ತಿನ್ನುತ್ತದೆ, ಚಿತ್ರ ಹಳದಿಯಾಗಿ ಮಾಸುತ್ತದೆ. ಹಾಗಾಗಿ ತೊಳೆಯೋದು ಕೊನೆಯ ಹಂತ, ಬೇಜಾರಿನ ಹಂತ, ಆದರೆ ತಪ್ಪಿಸುವ ಹಾಗಿಲ್ಲ.

ಲಿನೇಯಸ್ ಟ್ರೈಪ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನ ಬಂದರು ಊರು ಡೆವನ್‌ಪೋರ್ಟ್‌ನಲ್ಲಿ. ನಾವು ಪಿಯುಸಿ ಓದುವ ವಯಸ್ಸಿಗೆ ಆತ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆ ಸೇರಿಯಾಗಿತ್ತು. 1851ರಲ್ಲಿ ರಜೆ ಹಾಕಿ ಊರಿಗೆ ಹೋದಾಗ ಅಲ್ಲಿ ಎಲ್ಲೆಲ್ಲೂ ಹೊಸ ಹುಚ್ಚು: ಫೋಟೋಗ್ರಫಿ. ಆತನಿಗೂ ಅದು ಹಿಡಿಯಿತು. 1853ರಲ್ಲಿ ಲಂಡನ್ನಿನಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾದಾಗ ಅದರ ಸದಸ್ಯನಾದ. ಮರುವರ್ಷ ಕ್ಯಾಪ್ಟನ್ ಆಗಿ ಬೆಂಗಳೂರಿಗೆ ಮರಳಿದ.

ಅದೇ ಡಿಸೆಂಬರಿನಲ್ಲಿ ಸೇನೆಯ ವೈದ್ಯ ಆಂಡ್ರ್ಯೂ ನೀಲ್ ಜೊತೆ ಹಳೇಬೀಡು, ಬೇಲೂರಿಗೆ ಹೊರಟ. ಇವತ್ತು ನಾವು ಕಾಲೇಜು ಟ್ರಿಪ್‌ನಲ್ಲಿ ಸೆಲ್ಫಿ ತೆಗೆಯುವ ಹೊಯ್ಸಳೇಶ್ವರದ ಗೋಡೆಗಳ ಮುಂದೆ ಆತ ಮರದ ದೊಡ್ಡ ಪೆಟ್ಟಿಗೆ ಕ್ಯಾಮೆರಾ ನಿಲ್ಲಿಸಿದ. ಗಾಜಿನ ಪ್ಲೇಟ್ ಭಾರ, ಒಡೆಯುವ ಭಯ ಬೇರೆ. ಆದ್ದರಿಂದ ಮೇಣ ಹಚ್ಚಿದ ಕಾಗದವೇ ಆತನ ನೆಗೆಟಿವ್. ಅದನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಿತ್ತು, ಬಿಸಿಲಿನ ನಾಡಿಗೆ ಒಗ್ಗುತ್ತಿತ್ತು. 1855ರ ಮದ್ರಾಸ್ ಪ್ರದರ್ಶನದಲ್ಲಿ ಈ ಚಿತ್ರಗಳನ್ನು ನೋಡಿದ ತೀರ್ಪುಗಾರರು ಮೆಚ್ಚಿಕೊಂಡರು.

ಆ ವರ್ಷವೇ ಬರ್ಮಾದ ದೊರೆಯ ಬಳಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಕಳಿಸಿದ ನಿಯೋಗದ ಜೊತೆ ಟ್ರೈಪ್ ಹೋದ. ಮಳೆಗಾಲ, ಮೇಲಾಗಿ ಕಾಯಿಲೆ. ಆದರೂ 200ಕ್ಕೂ ಹೆಚ್ಚು ನೆಗೆಟಿವ್ ಜೊತೆ ಬೆಂಗಳೂರಿಗೆ ವಾಪಸ್ ಬಂದ.

ಅಸಲಿ ಕೆಲಸ ಶುರುವಾಗಿದ್ದು ಇಲ್ಲಿ. ತಲಾ 120 ಚಿತ್ರಗಳ 50 ಸೆಟ್ ತಯಾರಾಗಬೇಕಿತ್ತು. ಒಟ್ಟು 6,000. ಆಗ ಎನ್‌ಲಾರ್ಜ್ ಮಾಡುವ ಪದ್ಧತಿ ಇರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಟ್ರೈಪ್‌ನ ಚಿತ್ರಗಳು ಹೆಚ್ಚುಕಡಿಮೆ 25×35 ಸೆಂಟಿಮೀಟರ್. ಪ್ರತಿ ಹಾಳೆಯನ್ನೂ ನೆಗೆಟಿವ್ ಕೆಳಗೆ ಒತ್ತಿ ಬಿಸಿಲಿಗೆ ಇಟ್ಟು, ಚಿನ್ನದ ಲವಣದಲ್ಲಿ ಬಣ್ಣ ಗಟ್ಟಿ ಮಾಡಿ, ಹೈಪೋದಲ್ಲಿ ಅದ್ದಿ, ಆಮೇಲೆ ನೀರು ಬದಲಿಸುತ್ತಾ ಬದಲಿಸುತ್ತಾ ಗಂಟೆಗಟ್ಟಲೆ ತೊಳೆಯಬೇಕು. ಒಂದು ಹಾಳೆಗೆ 10 ಲೀಟರ್ ಅಂತ ಇಟ್ಟುಕೊಂಡರೂ 60,000 ಲೀಟರ್ ಆಯಿತು. ಇವತ್ತಿನ ಲೆಕ್ಕದಲ್ಲಿ 6,000 ಲೀಟರಿನ ಹತ್ತು ಟ್ಯಾಂಕರ್! ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಬರೋಕೆ ಇನ್ನೂ 40 ವರ್ಷ ಇತ್ತು. ಆಗ ಇದ್ದದ್ದು ಬಾವಿ, ಕೆರೆ, ಹೊರುವವರ ಹೆಗಲು.

ಅಷ್ಟೊಂದು ತೊಳೆಯೋದು ಯಾಕೆ ಅಂತ ಕೇಳಬಹುದು. ಅದೇ 1855ರಲ್ಲಿ ಲಂಡನ್ನಿನ ಸೊಸೈಟಿ, ಚಿತ್ರಗಳು ಯಾಕೆ ಮಾಸುತ್ತಿವೆ ಎಂದು ತಿಳಿಯಲು ಒಂದು ಸಮಿತಿ ಕೂರಿಸಿತು. ಸರಿಯಾಗಿ ತೊಳೆಯದೆ ಉಳಿದ ಹೈಪೋನೇ ಮುಖ್ಯ ಕಾರಣ ಅಂತ ಸಮಿತಿ ಹೇಳಿತು. ಚಿನ್ನದ ಟೋನಿಂಗ್ ಒಳ್ಳೆಯದು ಅಂತಲೂ ಹೇಳಿತು.

ನೀರು ಕಡಿಮೆ ಇದ್ದಾಗ ಏನು ಮಾಡೋದು? ಬಟ್ಟೆ ಜಾಲಾಡಿಸುವ ಪ್ರತಿ ತಾಯಿಗೂ ಗೊತ್ತಿರುವ ಉತ್ತರ ಅದು. ಟ್ರೇಯಲ್ಲಿ ಹಾಳೆಯ ಜೊತೆ 100 ಮಿಲಿ ಹೈಪೋ ದ್ರಾವಣ ಉಳಿದಿದೆ ಅನ್ನಿ. 2.7 ಲೀಟರ್ ನೀರನ್ನು ಒಂದೇ ಸಲ ಸುರಿದು ಚೆಲ್ಲಿದರೆ ಹೈಪೋ 28ರಲ್ಲಿ ಒಂದು ಪಾಲು ಉಳಿಯುತ್ತದೆ. ಅದೇ ನೀರನ್ನು 900 ಮಿಲಿಯಂತೆ ಮೂರು ಸಲ ಸುರಿದು ಚೆಲ್ಲಿದರೆ 1,000ದಲ್ಲಿ ಒಂದು ಪಾಲು. ನೀರು ಅಷ್ಟೇ, ಫಲ ಬೇರೆ. ಒಂದೇ ಷರತ್ತು: ಕಾಗದದ ನಾರಿನೊಳಗಿಂದ ಹೈಪೋ ಹೊರಬರೋಕೆ ಪ್ರತಿ ಸಲವೂ ಸಮಯ ಕೊಡಬೇಕು. ಡಿಫ್ಯೂಷನ್‌ಗೆ ಅವಸರ ಗೊತ್ತಿಲ್ಲ.

ಅಷ್ಟರಲ್ಲಿ ಮದ್ರಾಸ್ ಸರ್ಕಾರ ಟ್ರೈಪ್‌ನನ್ನು ತನ್ನ ಅಧಿಕೃತ ಫೋಟೋಗ್ರಾಫರ್ ಮಾಡಿಕೊಂಡಿತ್ತು. 1857ರ ಡಿಸೆಂಬರಿನಲ್ಲಿ ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ತಮಿಳುನಾಡಿನ ದೇವಾಲಯಗಳತ್ತ ಹೊರಟ. ಕಂಪನಿಯ ಕ್ಯಾಮೆರಾ ಗೋಪುರಗಳನ್ನು ನೋಡುತ್ತಿದ್ದ ಆ ತಿಂಗಳುಗಳಲ್ಲೇ, ಅಂದರೆ 1858ರ ಫೆಬ್ರವರಿಯಲ್ಲಿ, ಕಂಪನಿಯ ಸೈನ್ಯ ನಮ್ಮ ಸುರಪುರವನ್ನು ಹಿಡಿಯಿತು. ರಾಜಾ ವೆಂಕಟಪ್ಪ ನಾಯಕ ಸೆರೆಯಾದ. ಟ್ರೈಪ್‌ನನ್ನು ಮೆಚ್ಚುವಾಗ ಇದನ್ನೂ ಮರೆಯಬಾರದು ಅನ್ನಿಸುತ್ತದೆ.

ತಂಜಾವೂರಿನ ಬೃಹದೀಶ್ವರದಲ್ಲಿ ಆತ ಮಾಡಿದ್ದು ಇಂಜಿನಿಯರುಗಳು ಕೇಳಬೇಕಾದ ಕೆಲಸ. ವಿಮಾನದ ಪೀಠದ ಸುತ್ತ ಕೆತ್ತಿದ ಶಾಸನವನ್ನು ತುಂಡು ತುಂಡಾಗಿ ತೆಗೆದು, 21 ಚಿತ್ರ ಜೋಡಿಸಿ, 19 ಅಡಿಗೂ ಉದ್ದದ ಒಂದೇ ಪಟ್ಟಿ ಮಾಡಿದ. ಒಂದು ಹಾಳೆ ಸರಿಯಾಗಿ ತೊಳೆಯದಿದ್ದರೂ ಸಾಕು, ಕೆಲವು ವರ್ಷದಲ್ಲಿ ಆ ತುಂಡು ಮಾತ್ರ ಹಳದಿಯಾಗಿ ಎದ್ದು ಕಾಣುತ್ತದೆ.

ಇದೆಲ್ಲ ಒಬ್ಬನ ಕೈಕೆಲಸ ಅಲ್ಲ. ಸಿ. ಅಯ್ಯಸ್ವಾಮಿ ಎಂಬ ಸಹಾಯಕನ ಹೆಸರು ದಾಖಲೆಯಲ್ಲಿ ಉಳಿದಿದೆ. ನೀರು ಹೊತ್ತವರ ಹೆಸರು ಚಿತ್ರಗಳ ಕೆಳಗೆ ಇಲ್ಲ.

1859ರಲ್ಲಿ ಮದ್ರಾಸಿಗೆ ಹೊಸ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಬಂದ. ಖರ್ಚು ಕಡಿತ ಆತನ ಗುರಿ. ಸರ್ಕಾರಿ ಫೋಟೋಗ್ರಫಿ ಆತನಿಗೆ ಶೋಕಿಯಾಗಿ ಕಂಡಿತು, ನಿಲ್ಲಿಸಿಬಿಟ್ಟ. ಟ್ರೈಪ್ ಸೇನೆಯ ಕೆಲಸಕ್ಕೆ ಮರಳಿದ. ಆಮೇಲೆ ಕ್ಯಾಮೆರಾ ಹೆಚ್ಚು ಮುಟ್ಟಲಿಲ್ಲ. 1870ರ ದಶಕದಲ್ಲಿ ನಿವೃತ್ತನಾಗಿ ಊರಿಗೆ ಹೋದ, 1902ರಲ್ಲಿ ಡೆವನ್‌ಪೋರ್ಟ್‌ನಲ್ಲೇ ತೀರಿಕೊಂಡ. ಫೋಟೋಗ್ರಾಫರ್ ಆಗಿ ಆತ ದುಡಿದದ್ದು ಆರೇಳು ವರ್ಷ ಮಾತ್ರ. ಆದರೆ 2014–15ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್‌ಗಳಲ್ಲಿ ಆತನ ಚಿತ್ರಗಳ ಪ್ರದರ್ಶನ ನಡೆದಾಗ, ಗೋಡೆ ಮೇಲೆ ಇದ್ದದ್ದು ಆ ಕಾಲದಲ್ಲೇ ಮುದ್ರಿಸಿ ತೊಳೆದ ಹಾಳೆಗಳು.

ಇನ್ನು ನನ್ನ ತೊಟ್ಟಿ. ಅಕ್ರಿಲಿಕ್ ಹಾಳೆ ಅಂಟಿಸಿ ಮಾಡಿದ ಕಿರಿದಾದ ಎತ್ತರದ ಪೆಟ್ಟಿಗೆ ಅದು. ಒಳಗೆ ಚಿತ್ರಗಳು ಒಂದಕ್ಕೊಂದು ಅಂಟದ ಹಾಗೆ ಮಧ್ಯೆ ಮಧ್ಯೆ ತಡೆ. ಹೈಪೋ ಬೆರೆತ ನೀರು ತೂಕ ಜಾಸ್ತಿ, ಅದಕ್ಕೇ ಖಾಲಿ ಮಾಡುವ ನಲ್ಲಿ ತಳದಲ್ಲಿ. ಮೊದಲ ದಿನ ಮೂಲೆಯಲ್ಲಿ ಸೋರಿತು, ಸಿಲಿಕೋನ್ ಹಚ್ಚಿದೆ. ನೀರು ಹರಿಯೋಕೆ ಬಿಡದೆ, ತುಂಬಿಸಿ, ಕಾದು, ಖಾಲಿ ಮಾಡೋದು. ಸಾಕೋ ಇಲ್ಲವೋ ತಿಳಿಯೋಕೆ ಲ್ಯಾಬಿನ ಹಳೆಯ ಗೆಳೆಯ ಪೊಟ್ಯಾಶಿಯಂ ಪರ್ಮಾಂಗನೇಟ್ ಇದ್ದಾನೆ: ಅದರ ತೆಳು ದ್ರಾವಣಕ್ಕೆ ಚಿತ್ರದಿಂದ ತೊಟ್ಟಿಕ್ಕುವ ನೀರು ಬಿಟ್ಟಾಗ ನೇರಳೆ ಬಣ್ಣ ಮಾಸಿದರೆ ಹೈಪೋ ಇನ್ನೂ ಇದೆ ಅಂತ ಅರ್ಥ. ನನ್ನದು ಐದನೇ ಸಲವೂ ಮಾಸಿತು. ಆರನೇ ಸಲ ನಿಂತಿತು.

ಅಳತೆ ಬೇಕಾದವರು ಕನ್ನಡ ಸಂಘದ ಕೋಣೆಗೆ ಬನ್ನಿ. ಬಕೆಟ್ ನೀವೇ ತನ್ನಿ.