ಮಹನೀಯರ ಪರಿಚಯ: ಆಲ್‌ಫ್ರೆಡ್ ಬಿನೆ

ವಿಜ್ಞಾನಿಗಳು ಅಂದ ಕೂಡಲೇ ನಾವು ನ್ಯೂಟನ್, ಎಡಿಸನ್, ಸಿ.ವಿ. ರಾಮನ್ ಅಂತೀವಿ. ಈ ಸಲ ನಾನು ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆ ಮಾಡಿದ ಬಿನೆಯವರ ಬಗ್ಗೆ ಬರೆದಿದ್ದೇನೆ.

ಬಿನೆಯವರು 1857ನೇ ಇಸವಿ ಜುಲೈ ತಿಂಗಳಲ್ಲಿ, ಈಗ ಫ್ರಾನ್ಸ್ ದೇಶಕ್ಕೆ ಸೇರಿರುವ ನೀಸ್ ಪಟ್ಟಣದಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿ ಚಿತ್ರ ಬರೆಯುತ್ತಿದ್ದರು. ಬಿನೆ ಓದಿದ್ದು ಕಾನೂನು. ಆದರೆ ಅದು ಹಿಡಿಸಲಿಲ್ಲ. ಪ್ಯಾರಿಸ್ಸಿನ ದೊಡ್ಡ ಗ್ರಂಥಾಲಯದಲ್ಲಿ ಕೂತು ಮನಃಶಾಸ್ತ್ರವನ್ನು ತಾವೇ ಓದಿ ಕಲಿತರು. ಮನೆಯಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳು ಹೇಗೆ ಯೋಚನೆ ಮಾಡ್ತಾರೆ ಅಂತ ನೋಡಿ ನೋಡಿ ಬರೆದಿಟ್ಟರು. ಒಂದೇ ಮನೆಯ ಮಕ್ಕಳೂ ಒಂದೇ ತರ ಇರಲಿಲ್ಲ.

1882ರಲ್ಲಿ ಫ್ರಾನ್ಸಿನಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂತು. ಪಾಠ ತಲೆಗೆ ಹತ್ತದ ಮಕ್ಕಳೂ ಶಾಲೆಗೆ ಬಂದರು. ಅವರಲ್ಲಿ ಯಾರಿಗೆ ವಿಶೇಷ ತರಗತಿ ಬೇಕು? 1904ರಲ್ಲಿ ಸರ್ಕಾರ ಇದಕ್ಕೆ ಒಂದು ಸಮಿತಿ ಮಾಡಿತು. ಬಿನೆ ಅದರಲ್ಲಿದ್ದರು. ಬರೀ ಮೇಷ್ಟ್ರು ಹೇಳಿದ್ದನ್ನೇ ನಂಬಿದರೆ, ಗಲಾಟೆ ಮಾಡೋ ಹುಡುಗನೂ ಮಾತೇ ಆಡದ ಹುಡುಗಿಯೂ ಬುದ್ಧಿಮಾಂದ್ಯರ ಪಟ್ಟಿಗೆ ಸೇರಿಬಿಡಬಹುದಲ್ಲವೇ? ಅದಕ್ಕೇ 1905ರಲ್ಲಿ ಡಾಕ್ಟರ್ ಸೀಮೋನ್ ಜೊತೆ ಸೇರಿ 30 ಅಂಶಗಳ ಪರೀಕ್ಷೆ ತಯಾರಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಕೇಳಿದ ಅಂಕಿಗಳನ್ನು ತಿರುಗಿ ಹೇಳುವುದು, ಹೀಗೆ. 1908ರಲ್ಲಿ ಯಾವ ವಯಸ್ಸಿನ ಮಗುವಿಗೆ ಯಾವ ಪ್ರಶ್ನೆ ಅಂತ ವಿಂಗಡಿಸಿದರು.

ಬುದ್ಧಿ ಸಾಯೋತನಕ ಒಂದೇ ಮಟ್ಟದಲ್ಲಿರುತ್ತೆ ಅನ್ನೋದನ್ನ ಬಿನೆ ಒಪ್ಪಲಿಲ್ಲ. ಅಭ್ಯಾಸ ಮಾಡಿಸಿದರೆ ಗಮನ, ನೆನಪು ಎರಡೂ ಬೆಳೆಯುತ್ತವೆ ಎಂದು ನಂಬಿದ್ದರು. 1911ರ ಅಕ್ಟೋಬರ್ 18ರಂದು, 54ನೇ ವಯಸ್ಸಿಗೇ ತೀರಿಕೊಂಡರು. ಅಮೆರಿಕದಲ್ಲಿ ಕೆಲವರು ಇದೇ ಪರೀಕ್ಷೆಯಿಂದ ಮಕ್ಕಳಿಗೆ ಕೀಳು ಹೆಸರು ಕಟ್ಟಿ ದೂರ ಇಟ್ಟರು. ಇದು ಬಹಳ ಬೇಜಾರಿನ ಸಂಗತಿ.

ನಮ್ಮ ಕರ್ನಾಟಕಕ್ಕೂ ಬಿನೆಯವರಿಗೂ ನಂಟಿದೆ. ವಿ.ವಿ. ಕಾಮತ್ ಎಂಬುವವರು ಧಾರವಾಡದ ಕಡೆ ಮಕ್ಕಳನ್ನು ಪರೀಕ್ಷಿಸಿ, ಇದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾಡಿದರು. 1940ರಲ್ಲಿ ಅದರ ಪುಸ್ತಕವೂ ಬಂತು. ಅದಕ್ಕೆ ಬಿನೆ–ಕಾಮತ್ ಪರೀಕ್ಷೆ ಅಂತಾರೆ.

ಅರಕಲಗೂಡಿನ ಕಡೆ ಇರೋ ನನ್ನ ಸೋದರಮಾವನ ಮಗನನ್ನ ಎಲ್ಲರೂ ದಡ್ಡ ಅಂತಿದ್ರು. ತಪಾಸಣೆ ಶಿಬಿರಕ್ಕೆ ಕರ್ಕೊಂಡು ಹೋದಾಗ ಅವನಿಗೆ ಕಿವಿ ಸರಿಯಾಗಿ ಕೇಳಿಸಲ್ಲ ಅಂತ ಗೊತ್ತಾಯ್ತು. ಯಂತ್ರ ಕೊಟ್ಟರು. ಈಗ ಹತ್ತರ ಮಗ್ಗಿವರೆಗೂ ಹೇಳ್ತಾನೆ. ಇನ್ನು ಕೆಲವು ಮಕ್ಕಳಿಗೆ ನಿಜವಾಗಿಯೂ ಬುದ್ಧಿ ನಿಧಾನವಾಗಿ ಬೆಳೆಯುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಅವರಿಗೂ ನಮ್ಮ ಜೊತೆಯಲ್ಲೇ ಕಲಿಯುವ ಹಕ್ಕಿದೆ.

ಮಗುವಿಗೆ ಹೇಗೆ ಕಲಿಸಬೇಕು ಅಂತ ತಿಳಿಯೋಕೆ ಬಿನೆ ಪರೀಕ್ಷೆ ಮಾಡಿದರು. ಆದ್ದರಿಂದ ಸ್ನೇಹಿತರೇ, ನಾವು ಯಾರನ್ನೂ ದಡ್ಡ, ಪೆದ್ದ ಅಂತ ಕರೆಯೋದು ಬೇಡ. ಹಿಂದೆ ಬಿದ್ದವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಡೋಣ.

– 7ನೇ ತರಗತಿ ವಿದ್ಯಾರ್ಥಿನಿ