ಬಂಡೆಗೂ ಮದ್ದು, ಎದೆಗೂ ಮದ್ದು

ಇಂಡಿ, ಸಿಂದಗಿ ಸೀಮೆಯ ಎಷ್ಟೋ ಬಾವಿಗಳಂತೆ ನಮ್ಮ ಲಿಂಬೆ ತೋಟದ ಬಾವಿಯೂ ಮದ್ದಿಟ್ಟು ಕರಿಕಲ್ಲು ಸಿಡಿಸಿ ತೋಡಿದ್ದು. ತೋಡಿಸಿದವರು ನಮ್ಮ ಮುತ್ಯಾ. ಕಳೆದ ವರ್ಷ ಅವರಿಗೆ ಎದೆನೋವು ಬಂತು. ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ವೈದ್ಯರು ಗುಳಿಗೆ ಕೊಟ್ಟರು. ಒಮ್ಮೆ ಇಟ್ಟುಕೊಂಡರು, ತಲೆ ಸಿಡಿಯಿತು. ಇನ್ನು ಒಲ್ಲೆ ಎಂದುಬಿಟ್ಟರು.

ಗುಳಿಗೆಯ ಹೆಸರು ಓದಿ ನಾನು ಬೆಚ್ಚಿದೆ. ನೈಟ್ರೋಗ್ಲಿಸರಿನ್! ಡೈನಮೈಟಿನೊಳಗಿನ ವಸ್ತುವೂ ಅದೇ. ಬಿ.ಇ. ಓದುತ್ತಿರುವ ನನಗೆ ಕೂಡಲೇ ಆಲ್‌ಫ್ರೆಡ್ ನೊಬೆಲ್ ನೆನಪಾದ.

ನೊಬೆಲ್ ಹುಟ್ಟಿದ್ದು 1833ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಇಟಲಿಯ ಸೊಬ್ರೆರೊ ಕಂಡುಹಿಡಿದಿದ್ದ ನೈಟ್ರೋಗ್ಲಿಸರಿನ್ ಅಲುಗಿದರೂ ಸಿಡಿಯುವ ಎಣ್ಣೆಯಂಥ ದ್ರವ. ಅದನ್ನು ಪಳಗಿಸುವ ಹಟ ನೊಬೆಲನದು. 1864ರ ಸ್ಫೋಟದಲ್ಲಿ ತಮ್ಮ ಎಮಿಲ್ ಸತ್ತರೂ ಆತ ಕೈಬಿಡಲಿಲ್ಲ. ದ್ರವವನ್ನು ಒಂದು ಬಗೆಯ ಹಗುರ ಮಣ್ಣಿಗೆ ಹೀರಿಸಿ, 1867ರಲ್ಲಿ ಡೈನಮೈಟಿಗೆ ಪೇಟೆಂಟ್ ಪಡೆದ.

ಅದನ್ನು ತಯಾರಿಸುವ ಕೆಲಸಗಾರರಿಗೆ ವಿಪರೀತ ತಲೆನೋವು ಬರುತ್ತಿತ್ತು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್, ಅದೇ ವಸ್ತು ಅತಿ ಸಣ್ಣ ಪ್ರಮಾಣದಲ್ಲಿ ಎದೆನೋವು ಇಳಿಸುತ್ತದೆಂದು ತೋರಿಸಿದ. ಕೊನೆಗಾಲದಲ್ಲಿ ನೊಬೆಲನ ಹೃದಯ ಸೋತಾಗ ವೈದ್ಯರು ಬರೆದುಕೊಟ್ಟಿದ್ದೂ ಅದನ್ನೇ. ತಲೆನೋವು ತರುವುದು ಎದೆನೋವು ಕಳೆದೀತೆಂದು ಆತ ನಂಬಲಿಲ್ಲ, ಒಲ್ಲೆ ಎಂದ. 1896ರ ಡಿಸೆಂಬರ್ 10ರಂದು ಇಟಲಿಯ ಸ್ಯಾನ್ ರೆಮೊದಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ.

ಗುಟ್ಟು ಬಯಲಾದದ್ದು 1977ರಲ್ಲಿ. ನೈಟ್ರೋಗ್ಲಿಸರಿನ್‌ನಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬಂದು ರಕ್ತನಾಳಗಳನ್ನು ಸಡಿಲಿಸುತ್ತದೆಂದು ಫೆರಿಡ್ ಮುರಾದ್ ಕಂಡುಕೊಂಡರು. ನಮ್ಮ ದೇಹವೂ ಈ ಅನಿಲವನ್ನು ತಾನೇ ತಯಾರಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಈ ಶೋಧಗಳಿಗಾಗಿ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ ಸಿಕ್ಕಿದ್ದು ನೊಬೆಲ್ ಪ್ರಶಸ್ತಿಯೇ!

ಕೆಂಪು ರಕ್ತಕಣದ ಆಟ ಇನ್ನೂ ಸೋಜಿಗ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಈ ಅನಿಲವನ್ನು ಕ್ಷಣದಲ್ಲೇ ನೈಟ್ರೇಟ್ ಆಗಿಸಿ ಮುಗಿಸುತ್ತದೆ. ಆಮ್ಲಜನಕ ಇಳಿಸಿ ಬರಿಗೈಯಾದ ಹಿಮೋಗ್ಲೋಬಿನ್, ರಕ್ತದಲ್ಲಿರುವ ನೈಟ್ರೈಟಿನಿಂದ ಅದೇ ಅನಿಲವನ್ನು ಮತ್ತೆ ಹುಟ್ಟಿಸಬಲ್ಲದು. ಅಳಿಸುವುದೂ ಅದೇ, ಉಳಿಸುವುದೂ ಅದೇ.

ಇದನ್ನೆಲ್ಲ ಮುತ್ಯಾಗೆ ಹೇಳಿದೆ. ತಲೆಯ ರಕ್ತನಾಳಗಳೂ ಹಿಗ್ಗುವುದರಿಂದ ತಲೆ ಸಿಡಿಯುತ್ತದೆ, ಅದು ವಿಷವಲ್ಲ ಎಂದೆ. ವೈದ್ಯರನ್ನು ಮತ್ತೆ ಕಂಡೆವು. ರಕ್ತದೊತ್ತಡ ಇಳಿದು ತಲೆ ತಿರುಗಬಹುದು, ಕುಳಿತುಕೊಂಡೇ ಇಟ್ಟುಕೊಳ್ಳಿ ಎಂದರು. ಹಟದಲ್ಲಿ ಮುತ್ಯಾ ನೊಬೆಲನಿಗೆ ಕಡಿಮೆಯಲ್ಲ. ಆದರೂ ಈಗ ತೋಟಕ್ಕೆ ಹೊರಟರೆ ಅಂಗಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಗುಳಿಗೆಯ ಸೀಸೆ ಅಲ್ಲಿರುತ್ತದೆ.